ಆನೆ ನಡೆದದ್ದೇ ದಾರಿಯಾದರೆ ಕಾನೂನು ಯಾಕೆ?

ಪ್ರಶ್ನೆ: ಸರ್, ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು 8 ಎಕರೆ ರೋಬಸ್ಟಾ ತೋಟ. ಕಾಫಿ ಕೊಳ್ಳುವವರು ಈಗ ತೋಟದ ಜಿಪಿಎಸ್ ಲೊಕೇಶನ್ ಕೇಳುತ್ತಿದ್ದಾರೆ. ಯುರೋಪಿನವರು ಹೊಸ ಕಾನೂನು ತಂದಿದ್ದಾರಂತೆ. ಅವರ ಕಾನೂನು ನಮ್ಮ ತೋಟಕ್ಕೆ ಹೇಗೆ ಬಂತು? ಇನ್ನೊಂದು ಕಡೆ ಅಮೆರಿಕ, ರಷ್ಯಾ, ಚೀನಾ ಮನಸ್ಸಿಗೆ ಬಂದಂತೆ ನಡೆಯುತ್ತವೆ, ಯಾರೂ ಕೇಳಲ್ಲ. ಅಂತರರಾಷ್ಟ್ರೀಯ ಕಾನೂನು ಅನ್ನೋದು ನಿಜಕ್ಕೂ ಇದೆಯಾ, ಇಲ್ಲ ಆನೆ ನಡೆದದ್ದೇ ದಾರಿಯಾ? ಕೊನೆಗೆ ಒಂದೇ ಮಾತು ಹೇಳಿ: ಲೊಕೇಶನ್ ಕೊಡಲಾ ಬೇಡವಾ?

ಉತ್ತರ: ನಿಮ್ಮ ಕಡೆಯವರು ಆನೆಯ ಗಾದೆ ಹೇಳಿದರೆ ಅದಕ್ಕೆ ತೂಕ ಜಾಸ್ತಿ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಬರೀ ಗಾದೆಯಲ್ಲ. ಆದರೆ ನಿಮಗೇ ಗೊತ್ತಿರುವ ಒಂದು ವಿಷಯ ನೆನಪಿಸುತ್ತೇನೆ. ಆನೆ ದಿನಾ ಬೇಲಿ ಮುರಿಯುವುದಿಲ್ಲ. ವರ್ಷದಲ್ಲಿ ಹೆಚ್ಚು ದಿನ ಅದು ತನ್ನ ಹಳೇ ದಾರಿಯಲ್ಲೇ ಹೋಗಿ ಬರುತ್ತದೆ. ಹಲಸು ಹಣ್ಣಾದಾಗ, ಗದ್ದೆಯಲ್ಲಿ ತೆನೆ ಬಲಿತಾಗ ಬೇಲಿ ಲೆಕ್ಕಕ್ಕಿಲ್ಲ. ನಮಗೆ ನೆನಪಲ್ಲಿ ಉಳಿಯುವುದು ಆ ರಾತ್ರಿಗಳು ಮಾತ್ರ. ದೊಡ್ಡ ದೇಶಗಳ ಕಥೆಯೂ ಹೆಚ್ಚು ಕಡಿಮೆ ಹೀಗೇ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಿಟ್ಟು ಸೇರಿಕೊಂಡಿವೆ. ದೊಡ್ಡವರು ಕಾನೂನು ಮೀರುತ್ತಾರೆ ಅನ್ನುವುದು ಒಂದು. ದೊಡ್ಡವರ ಕಾನೂನು ನಮ್ಮ ಮೇಲೆ ಬೀಳುತ್ತದೆ ಅನ್ನುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ. ಹಾಗಾಗಿ ಬಿಡಿಸಿ ನೋಡೋಣ.

ಮೊದಲು ಹಾಸನದ ಸಾಲಗಾಮೆ ರಸ್ತೆಗೆ ಬನ್ನಿ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಲ್ಲಿದೆ. ಊರಿನವರಿಗೆ ಅದು ಎಂಸಿಎಫ್. 1982ರಲ್ಲಿ ಇನ್ಸಾಟ್ ಉಪಗ್ರಹಗಳ ಜೊತೆಗೆ ಶುರುವಾದ ಜಾಗ. ಆಕಾಶಕ್ಕೆ ಮುಖ ಮಾಡಿ ನಿಂತ ದೊಡ್ಡ ದೊಡ್ಡ ಡಿಶ್‌ಗಳು. ಒಳಗೆ ಕೂತವರ ಕೆಲಸ ಏನು? ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ನಮ್ಮ ಉಪಗ್ರಹಗಳನ್ನು ಅವುಗಳ ಜಾಗದಲ್ಲೇ ಇರುವಂತೆ ನೋಡಿಕೊಳ್ಳುವುದು. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಮೆಲ್ಲಗೆ ಜಾರುತ್ತದೆ. ಆಗ ಅದರಲ್ಲಿರುವ ಪುಟ್ಟ ಎಂಜಿನ್ ಉರಿಸಿ ವಾಪಸ್ ತರಬೇಕು. ಪಕ್ಕದ ಜಾಗ ಇನ್ನೊಂದು ದೇಶದ್ದು. ಆ ಎತ್ತರದಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಆ ಕಡೆ, ಅಷ್ಟೇ ಈ ಕಡೆ. ಅಂದ್ರೆ ಸುಮಾರು 150 ಕಿ.ಮೀ. ಅಗಲದ ಒಂದು ಕಿಟಕಿ. ಹಾಸನದಿಂದ ಮಂಗಳೂರಿಗಿಂತ ಸ್ವಲ್ಪ ಕಡಿಮೆ.

ಈ ಜಾಗ ಹಂಚುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಟೆಲಿಗ್ರಾಫ್ ಕಾಲದಲ್ಲಿ, 1865ರಲ್ಲಿ ಹುಟ್ಟಿದ ಸಂಸ್ಥೆ. ಅದಕ್ಕೆ ಸೈನ್ಯ ಇಲ್ಲ, ಪೊಲೀಸರಿಲ್ಲ. ಆದರೂ ಅಮೆರಿಕ, ರಷ್ಯಾ, ಚೀನಾ, ನಾವು, ಎಲ್ಲರೂ ಅಲ್ಲಿ ಅರ್ಜಿ ಹಾಕುತ್ತೇವೆ, ಕೊಟ್ಟ ಜಾಗದಲ್ಲಿ ಇರುತ್ತೇವೆ. ಯಾಕೆ? ಪಕ್ಕದವನ ಸಿಗ್ನಲ್ ಕೆಡಿಸಿದರೆ ನನ್ನ ಸಿಗ್ನಲ್ಲೂ ಕೆಡುತ್ತದೆ. ಅಷ್ಟೇ ಕಾರಣ. 1976ರಲ್ಲಿ ಭೂಮಧ್ಯರೇಖೆಯ ಮೇಲಿನ ಕೆಲವು ದೇಶಗಳು ಬೊಗೋಟಾದಲ್ಲಿ ಸೇರಿ, ನಮ್ಮ ತಲೆ ಮೇಲಿನ ಕಕ್ಷೆ ನಮ್ಮದೇ ಅಂತ ಘೋಷಣೆ ಮಾಡಿದವು. ಹೊಲದ ಮೇಲಿನ ಆಕಾಶಕ್ಕೂ ಪಹಣಿ ಕೇಳಿದ ಹಾಗೆ! ಯಾರೂ ಒಪ್ಪಲಿಲ್ಲ.

ಅದೇ ಆಕಾಶದ ಇನ್ನೊಂದು ಪ್ರಸಂಗ. 1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಉಪಗ್ರಹ ಕೆನಡಾದ ಉತ್ತರ ಭಾಗದ ಹಿಮದ ಮೇಲೆ ಬಿತ್ತು. ಅದರೊಳಗೆ ಅಣು ರಿಯಾಕ್ಟರ್ ಇತ್ತು. ವಿಕಿರಣದ ಚೂರುಗಳು ನೂರಾರು ಕಿ.ಮೀ. ಉದ್ದಕ್ಕೆ ಚೆಲ್ಲಿದವು. ಹುಡುಕಿ ತೆಗೆದ ಖರ್ಚು ಅಂತ ಕೆನಡಾ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳಿತು. ಆಧಾರ ಬಾಹ್ಯಾಕಾಶದಿಂದ ಬಿದ್ದ ವಸ್ತುಗಳಿಗೆ ಮಾಡಿಕೊಂಡ 1972ರ ಹಾನಿ ಪರಿಹಾರ ಒಪ್ಪಂದ. ಶೀತಲ ಸಮರ ಜೋರಾಗಿದ್ದ ಕಾಲ, ಕೆನಡಾ ಅಮೆರಿಕದ ಬಣ. ಆದರೂ 1981ರಲ್ಲಿ ಸೋವಿಯತ್ ಒಕ್ಕೂಟ 30 ಲಕ್ಷ ಡಾಲರ್ ಕೊಟ್ಟಿತು. ತಪ್ಪಾಯಿತು ಅನ್ನಲಿಲ್ಲ, ದುಡ್ಡು ಮಾತ್ರ ಕೊಟ್ಟಿತು. ನಾನು ಹಾಸನದಲ್ಲಿ ಕಾನೂನು ಪಾಠ ಹೇಳುತ್ತಿದ್ದಾಗ ಪ್ರತಿ ವರ್ಷ ಈ ಕಥೆ ಹೇಳುತ್ತಿದ್ದೆ. ಒಬ್ಬ ಹುಡುಗ ಕೇಳಿದ್ದ: "ಸರ್, ಅರ್ಧ ಕೊಟ್ಟರೆ ಅದು ಕಾನೂನಾ, ಚೌಕಾಸಿಯಾ?" ಎರಡೂ ಅಂದೆ. ಈಗಲೂ ನನ್ನ ಉತ್ತರ ಅದೇ.

ವಿಮಾನ, ಅಂಚೆ, ಪಾಸ್‌ಪೋರ್ಟ್, ರಾಯಭಾರ ಕಚೇರಿ, ಹಡಗಿನ ಬಾವುಟ ಎಲ್ಲದರಲ್ಲೂ ಇದೇ ನಡೆಯುತ್ತಿದೆ. ಸುದ್ದಿಯಾಗುವುದಿಲ್ಲ, ಅಷ್ಟೇ.

ಇನ್ನು ಬೇಲಿ ಮುರಿಯುವ ರಾತ್ರಿಗಳು. 1980ರ ದಶಕದಲ್ಲಿ ಅಮೆರಿಕ ನಿಕರಾಗುವಾದ ಬಂದರುಗಳಲ್ಲಿ ಗುಟ್ಟಾಗಿ ಮೈನ್ ಹಾಕಿಸಿತು, ಅಲ್ಲಿನ ಬಂಡುಕೋರರಿಗೆ ಆಯುಧ ಕೊಟ್ಟಿತು. ಪುಟ್ಟ ದೇಶ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅಮೆರಿಕ ಮೊದಲು ವಾದ ಮಾಡಿತು, ಸೋಲುವ ಲಕ್ಷಣ ಕಂಡ ಮೇಲೆ 1985ರಲ್ಲಿ ಎದ್ದು ಹೊರನಡೆಯಿತು. 1986ರ ಜೂನ್‌ನಲ್ಲಿ ತೀರ್ಪು ಬಂತು: ಅಮೆರಿಕ ತಪ್ಪು ಮಾಡಿದೆ, ಪರಿಹಾರ ಕೊಡಬೇಕು. ತೀರ್ಪು ಜಾರಿ ಮಾಡಿಸಿ ಅಂತ ನಿಕರಾಗುವಾ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋದರೆ, ಅಲ್ಲಿ ಕೂತಿದ್ದ ಅಮೆರಿಕವೇ ವೀಟೋ ಹಾಕಿತು, ಅಂದ್ರೆ ಒಬ್ಬರೇ ಬೇಡ ಅಂದು ಠರಾವನ್ನೇ ಬೀಳಿಸುವ ಅಧಿಕಾರ ಬಳಸಿತು. ಆರೋಪಿಯೇ ಅಮಲ್ದಾರನೂ ಆದರೆ ಏನಾಗಬೇಕೋ ಅದೇ ಆಯಿತು. ಮುಂದೆ ನಿಕರಾಗುವಾದಲ್ಲಿ ಸರ್ಕಾರ ಬದಲಾಯಿತು, 1991ರಲ್ಲಿ ಕೇಸೇ ಕೈಬಿಟ್ಟಿತು. ಒಂದು ಪೈಸೆ ಬರಲಿಲ್ಲ.

ರಷ್ಯಾವೂ ಹಾಗೇ. 2022ರ ಫೆಬ್ರವರಿ 24ರಂದು ಉಕ್ರೇನಿಗೆ ನುಗ್ಗಿತು. ಮಾರನೇ ದಿನ ಭದ್ರತಾ ಮಂಡಳಿಯಲ್ಲಿ ಅದನ್ನು ಖಂಡಿಸುವ ಠರಾವು ಬಂದಾಗ ತಾನೇ ವೀಟೋ ಹಾಕಿತು. 11 ದೇಶ ಠರಾವಿನ ಪರ, ನಾವು ತಟಸ್ಥ. ಚೀನಾ ಇನ್ನೊಂದು ರೀತಿ. ದಕ್ಷಿಣ ಚೀನಾ ಸಮುದ್ರದ ಬಗ್ಗೆ ಫಿಲಿಪೈನ್ಸ್ ತಂದ ಕೇಸಿನಲ್ಲಿ 2016ರಲ್ಲಿ ಪಂಚಾಯ್ತಿ ಮಂಡಳಿಯ ತೀರ್ಪು ಅದರ ವಿರುದ್ಧ ಬಂತು. ಇದನ್ನು ನಾವು ಒಪ್ಪಲ್ಲ, ಲೆಕ್ಕಕ್ಕೇ ತಗೊಳ್ಳಲ್ಲ ಅಂದುಬಿಟ್ಟಿತು.

ವೀಟೋ ಆಮೇಲೆ ಕಾನೂನಿನೊಳಗೆ ನುಸುಳಿದ ಹುಳವಲ್ಲ. 1945ರಲ್ಲಿ ವಿಶ್ವಸಂಸ್ಥೆ ಕಟ್ಟುವಾಗಲೇ ಐದು ದೇಶ ಹಾಕಿದ ಷರತ್ತು. ಇದಿಲ್ಲದಿದ್ದರೆ ನಾವು ಒಳಗೇ ಬರಲ್ಲ ಅಂದಿದ್ದರು. ಹಾಗಾಗಿ ಐದು ಯಜಮಾನರ ಮೇಲೆ ಈ ಮಂಡಳಿ ಕೈ ಎತ್ತಲಿ ಅಂತ ಕಾಯುವುದು ವ್ಯರ್ಥ. ಒಂದು ಸಲ ಮಾತ್ರ ಪೇಚಾಟವಾಯಿತು. 1950ರ ಜೂನ್, ಕೊರಿಯಾ ಯುದ್ಧ ಶುರು. ಚೀನಾದ ಕುರ್ಚಿಯಲ್ಲಿ ಯಾರು ಕೂರಬೇಕು ಅನ್ನುವ ಜಗಳಕ್ಕೆ ಮುನಿಸಿಕೊಂಡು ಸೋವಿಯತ್ ಪ್ರತಿನಿಧಿ ಸಭೆಗೇ ಬರುತ್ತಿರಲಿಲ್ಲ. ಕುರ್ಚಿ ಖಾಲಿ, ವೀಟೋ ಹಾಕುವವರಿಲ್ಲ, ದಕ್ಷಿಣ ಕೊರಿಯಾದ ನೆರವಿಗೆ ಹೋಗುವ ಠರಾವು ಪಾಸಾಯಿತು. ಆ ತಿಂಗಳು ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು, ಆಮೇಲೆ ಹೇಗ್ ನ್ಯಾಯಾಲಯದ ನ್ಯಾಯಾಧೀಶರೂ ಆದರು. ಮುನಿಸಿಕೊಂಡು ಮೀಟಿಂಗಿಗೆ ಹೋಗದೆ ಇರಬಾರದು ಅನ್ನುವ ಪಾಠ ಸೋವಿಯತ್‌ನವರು ಅಂದೇ ಕಲಿತರು. ಆಗಸ್ಟ್‌ನಲ್ಲಿ ವಾಪಸ್ ಬಂದರು.

ಹಾಗಾದ್ರೆ ದೊಡ್ಡವರಿಗೆ ಕಾನೂನೇ ಇಲ್ಲವಾ? ಇಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಕೆಂಪು ಸಮುದ್ರ ನೋಡಿ. ನಮ್ಮ ಕಾಫಿಯ ಕಥೆ ಶುರುವಾಗುವುದೇ ಅಲ್ಲಿಂದ. ಬಾಬಾ ಬುಡನ್ ಏಳು ಬೀಜ ತಂದರು ಅನ್ನುವ ಮೋಕಾ ಬಂದರು ಇರುವುದು ಯೆಮೆನ್‌ನಲ್ಲಿ, ಬಾಬ್ ಎಲ್ ಮಂದೆಬ್ ಜಲಸಂಧಿಯ ಹತ್ತಿರ. 2023ರ ನವೆಂಬರ್‌ನಲ್ಲಿ ಅದೇ ಯೆಮೆನ್‌ನ ಹೂತಿ ಬಂಡುಕೋರರು ಗೆಲಾಕ್ಸಿ ಲೀಡರ್ ಅನ್ನುವ ಹಡಗನ್ನು ಹೆಲಿಕಾಪ್ಟರಿನಿಂದ ಇಳಿದು ಹಿಡಿದರು. ಆಮೇಲೆ ಹಡಗುಗಳ ಮೇಲೆ ಕ್ಷಿಪಣಿ, ಡ್ರೋನ್. ಕಂಟೇನರ್ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಶಿರಾಡಿಯಲ್ಲಿ ಗುಡ್ಡ ಕುಸಿದಾಗ ಲಾರಿಗಳು ಸುತ್ತು ಹಾಕುತ್ತವಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ಇಲ್ಲಿನ ಸುತ್ತು ಎರಡು ವಾರದಷ್ಟು ಉದ್ದ. ಮಂಗಳೂರಿನಿಂದ ಇಟಲಿಗೆ ಹೋಗುವ ಕಾಫಿಗೆ ಬಾಡಿಗೆ ಏರಿತು, ಕಂಟೇನರ್ ಸಿಗುವುದೇ ಕಷ್ಟವಾಯಿತು.

2024ರ ಜನವರಿ 10ರಂದು ಭದ್ರತಾ ಮಂಡಳಿ ಈ ದಾಳಿಗಳನ್ನು ಖಂಡಿಸಿ ಠರಾವು ಮಾಡಿತು. ರಷ್ಯಾ, ಚೀನಾ ವೀಟೋ ಹಾಕಬಹುದಿತ್ತು, ಹಾಕಲಿಲ್ಲ, ಸುಮ್ನೆ ತಟಸ್ಥವಾಗಿ ಕೂತವು. ಅವರ ಸರಕೂ ಅದೇ ದಾರಿಯಲ್ಲಿ ಹೋಗುತ್ತದಲ್ಲ. ಅದಾಗಿ ಒಂದೆರಡು ದಿನದಲ್ಲೇ ಅಮೆರಿಕ, ಬ್ರಿಟನ್ ಯೆಮೆನ್ ಮೇಲೆ ಬಾಂಬ್ ಹಾಕಿದವು. ಠರಾವಿನಲ್ಲಿ ಬಾಂಬ್ ಹಾಕಿ ಅಂತ ಎಲ್ಲೂ ಇರಲಿಲ್ಲ. ಹಾಕಿದ ಮೇಲೆ ಏನು ಮಾಡಿದರು ಗೊತ್ತಾ? ಭದ್ರತಾ ಮಂಡಳಿಗೆ ಪತ್ರ ಬರೆದರು: ವಿಶ್ವಸಂಸ್ಥೆ ಸನ್ನದಿನ 51ನೇ ವಿಧಿಯ ಪ್ರಕಾರ ನಮ್ಮ ಆತ್ಮರಕ್ಷಣೆಗೆ ಮಾಡಿದ್ದು ಅಂತ. ಉಕ್ರೇನಿಗೆ ನುಗ್ಗಿದ ದಿನ ರಷ್ಯಾ ಹೇಳಿದ್ದೂ ಅದೇ 51ನೇ ವಿಧಿ.

ಈ ಪತ್ರಗಳನ್ನು ನೋಡಿ ನಗುವವರು ತುಂಬಾ ಜನ. ನಾನು ನಗುವುದಿಲ್ಲ. ಕಾನೂನು ಲೆಕ್ಕಕ್ಕೇ ಇಲ್ಲ ಅನ್ನುವವನು ನೆಪ ಯಾಕೆ ಹುಡುಕುತ್ತಾನೆ? ಇವತ್ತು ಹೇಳಿದ ನೆಪ ನಾಳೆ ಎದುರಾಳಿಯ ಕೈಗೆ ಸಿಗುತ್ತದೆ. ಹಾಗಾಗಿ ಅದನ್ನು ಬರೆಯುವಾಗ ಅವರೂ ಅಳೆದು ತೂಗಿ ಬರೆಯುತ್ತಾರೆ. ಕಾನೂನಿನ ಕಸುವು ಎಷ್ಟು ಅಂತ ನೋಡಬೇಕಾದರೆ ತೀರ್ಪುಗಳಿಗಿಂತ ಈ ನೆಪಗಳಲ್ಲಿ ಜಾಸ್ತಿ ಕಾಣುತ್ತದೆ ಅನ್ನುವುದು ನನ್ನ ಅನುಭವ.

ನಮ್ಮ ಕರಾವಳಿಯ ಪಕ್ಕದಲ್ಲೇ ನಡೆದದ್ದೂ ಒಂದಿದೆ. 2021ರ ಏಪ್ರಿಲ್‌ನಲ್ಲಿ ಜಾನ್ ಪಾಲ್ ಜೋನ್ಸ್ ಅನ್ನುವ ಅಮೆರಿಕದ ಯುದ್ಧನೌಕೆ ಲಕ್ಷದ್ವೀಪದ ಪಶ್ಚಿಮಕ್ಕೆ, ನಮ್ಮ 200 ನಾಟಿಕಲ್ ಮೈಲಿಯ ಆರ್ಥಿಕ ವಲಯದೊಳಗೆ, ನಮ್ಮನ್ನು ಕೇಳದೆ ಹಾದು ಹೋಯಿತು. ಹೋದದ್ದಲ್ಲದೆ, ಕೇಳದೇ ಹೋದೆವು ಅಂತ ಹೇಳಿಕೆಯನ್ನೂ ಕೊಟ್ಟಿತು. ತಮಾಷೆ ಏನು ಅಂದ್ರೆ, 1982ರ ಸಮುದ್ರ ಕಾನೂನು ಒಪ್ಪಂದಕ್ಕೆ ಅಮೆರಿಕ ಇವತ್ತಿಗೂ ಸೇರಿಲ್ಲ. ಸೇರದೇ ಇರುವ ಕಾನೂನನ್ನು ನಮಗೆ ಬೋಧಿಸುತ್ತದೆ. ಇನ್ನೊಂದು ತಮಾಷೆಯನ್ನೂ ಹೇಳಿಬಿಡುತ್ತೇನೆ: ಆ ಒಪ್ಪಂದವನ್ನು ಓದಿದರೆ ಅಮೆರಿಕದ ವಾದದಲ್ಲಿ ಹುರುಳಿದೆ. ಆರ್ಥಿಕ ವಲಯದಲ್ಲಿ ಮೀನು, ಎಣ್ಣೆ ನಮ್ಮದು. ಹಡಗು ಓಡಾಡುವ ದಾರಿ ಎಲ್ಲರದ್ದು. ಮಿಲಿಟರಿ ಕಸರತ್ತಿಗೆ ನಮ್ಮ ಒಪ್ಪಿಗೆ ಬೇಕು ಅನ್ನುವುದು ನಾವು 1995ರಲ್ಲಿ ಸೇರುವಾಗ ಮಾಡಿಕೊಂಡ ಘೋಷಣೆ.

ನಾವೂ ಸಾಧು ಪ್ರಾಣಿ ಏನಲ್ಲ. ಬಾಂಗ್ಲಾದೇಶ, ನೇಪಾಳದ ಕಣ್ಣಿಗೆ ಆನೆ ಅಂದ್ರೆ ನಾವೇ. ಬಂಗಾಳ ಕೊಲ್ಲಿಯ ಗಡಿ ಜಗಳದಲ್ಲಿ 2014ರ ಜುಲೈನಲ್ಲಿ ತೀರ್ಪು ಬಂತು. ವಿವಾದದಲ್ಲಿದ್ದ ಸುಮಾರು 25,600 ಚದರ ಕಿ.ಮೀ. ಸಮುದ್ರದಲ್ಲಿ ಸುಮಾರು 19,500 ಬಾಂಗ್ಲಾ ಪಾಲಾಯಿತು. ನಾವು ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡೆವು. ಅದು ದೊಡ್ಡತನವೂ ಹೌದು, ಜಾಣತನವೂ ಹೌದು. ಎರಡು ವರ್ಷದ ನಂತರ ಚೀನಾಕ್ಕೆ ಬುದ್ಧಿ ಹೇಳಲು ಬಾಯಿ ಬಂತು. ಆದರೆ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನದ ಜೊತೆಗಿನ 1960ರ ಸಿಂಧೂ ನದಿ ನೀರಿನ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಿದ್ದೇವೆ ಅಂದೆವು. ಅದನ್ನು ವಿಚಾರಿಸುತ್ತಿರುವ ಪಂಚಾಯ್ತಿ ಮಂಡಳಿಯನ್ನೇ ಒಪ್ಪುವುದಿಲ್ಲ ಅಂದೆವು. ನಮ್ಮ ಸಿಟ್ಟಿಗೆ ಕಾರಣ ಇತ್ತು. ಆದರೆ ಸಿಟ್ಟಿಗೆ ಕಾರಣ ಎಲ್ಲ ದೇಶಕ್ಕೂ ಇರುತ್ತದೆ, ಅಲ್ವಾ?

ಇನ್ನು ನಿಮ್ಮ ಜಿಲ್ಲೆಯವರೇ ದೊಡ್ಡವರ ಮುಂದೆ ಇಲ್ಲ ಅಂದ ಕಥೆ. 1996ರಲ್ಲಿ ಅಣು ಪರೀಕ್ಷೆ ನಿಷೇಧಿಸುವ ಸಿಟಿಬಿಟಿ ಒಪ್ಪಂದ ತಯಾರಾಯಿತು. ಆಗ ಪ್ರಧಾನಿ ಹೊಳೆನರಸೀಪುರ ಕಡೆಯ ಎಚ್.ಡಿ. ದೇವೇಗೌಡರು. ಐದು ದೇಶಗಳು ಬಾಂಬ್ ಇಟ್ಟುಕೊಂಡೇ ಉಳಿದವರಿಗೆ ಬೇಡ ಅನ್ನುವ ಒಪ್ಪಂದ ನಮಗೆ ಬೇಡ ಅಂತ ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಪಟ್ಟು ಹಿಡಿದರು. ನಮ್ಮ ಅಡ್ಡಿ ತಪ್ಪಿಸಲು ಅದನ್ನು ನ್ಯೂಯಾರ್ಕಿಗೆ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಒಯ್ದರು. ಸೆಪ್ಟೆಂಬರ್ 10ರಂದು ಮತ ಬಿತ್ತು: ಪರ 158, ವಿರುದ್ಧ 3. ಆ ಮೂರು ಯಾವುವು ಅಂದ್ರೆ ಭಾರತ, ಭೂತಾನ್, ಲಿಬಿಯಾ. ಆದರೆ ಅಣು ಸಾಮರ್ಥ್ಯ ಇರುವ 44 ದೇಶ ಒಪ್ಪಿದರೆ ಮಾತ್ರ ಜಾರಿ ಅಂತ ಅದರಲ್ಲೇ ಬರೆದಿದ್ದರು. ಆ ಪಟ್ಟಿಯಲ್ಲಿ ನಾವೂ ಇದ್ದೆವು. ಹಾಗಾಗಿ ಇವತ್ತಿಗೂ ಅದು ಜಾರಿಗೆ ಬಂದಿಲ್ಲ. ನಮ್ಮಿಂದ ಮಾತ್ರವೂ ಅಲ್ಲ. 1999ರಲ್ಲಿ ಅಮೆರಿಕದ ಸೆನೆಟ್ಟೇ ಅದನ್ನು ತಳ್ಳಿಹಾಕಿತು. ಚೀನಾ ಸಹಿ ಹಾಕಿ ಸುಮ್ಮನಾಯಿತು. ರಷ್ಯಾ ಕೊಟ್ಟಿದ್ದ ಒಪ್ಪಿಗೆಯನ್ನು 2023ರಲ್ಲಿ ಹಿಂದಕ್ಕೆ ಪಡೆಯಿತು.

ಈಗ ವಿಚಿತ್ರ ನೋಡಿ. ಜಾರಿಗೇ ಬಾರದ ಆ ಒಪ್ಪಂದವನ್ನು ಮೀರಿ ಈ ಶತಮಾನದಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದ ದೇಶ ಅಂತ ಗೊತ್ತಿರುವುದು ಉತ್ತರ ಕೊರಿಯಾ ಒಂದೇ. 1998ರ ಮೇ ತಿಂಗಳ ಪೋಖ್ರಾನ್ ಆದ ಮೇಲೆ ನಾವೂ ನಿಲ್ಲಿಸಿದ್ದೇವೆ. ಸಹಿ ಇಲ್ಲ, ಜಾರಿ ಇಲ್ಲ, ಪಾಲನೆ ಇದೆ. ಪೊಲೀಸರಿಲ್ಲದ ಕಾನೂನು ಹೀಗೂ ನಡೆಯುತ್ತದೆ.

ಯುರೋಪಿನವರ ವಿಷಯಕ್ಕೆ ಬರೋಣ. ಮೊದಲ ಮಾತು: ಇದು ಅಂತರರಾಷ್ಟ್ರೀಯ ಕಾನೂನೇ ಅಲ್ಲ. 2023ರಲ್ಲಿ ಯುರೋಪಿಯನ್ ಒಕ್ಕೂಟ ತನ್ನ ಮನೆಯೊಳಗೆ ಮಾಡಿಕೊಂಡ ಅರಣ್ಯನಾಶ ತಡೆ ನಿಯಮ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾಗಿರಬಾರದು. ಬೆಳೆದ ದೇಶದ ಕಾನೂನಿಗೂ ವಿರುದ್ಧ ಇರಬಾರದು. ಹೊಣೆ ಯಾರದ್ದು? ನಿಮ್ಮದಲ್ಲ. ಅಲ್ಲಿನ ಮಾರುಕಟ್ಟೆಗೆ ಮೊದಲು ಸರಕು ಇಳಿಸುವ ಕಂಪನಿಯದ್ದು. ತಪ್ಪಿದರೆ ದಂಡ ಬೀಳುವುದು ಇಟಲಿಯ, ಜರ್ಮನಿಯ ಆಮದುದಾರನಿಗೆ. ಸಕಲೇಶಪುರಕ್ಕೆ ಯುರೋಪಿನ ಇನ್‌ಸ್ಪೆಕ್ಟರ್ ಬಂದು ನಿಮಗೆ ನೋಟಿಸ್ ಕೊಡಲು ಆಗುವುದಿಲ್ಲ. ಆದರೆ ಆ ಆಮದುದಾರ ತನ್ನ ಭಯವನ್ನು ಹಿಂದಕ್ಕೆ ದಾಟಿಸುತ್ತಾನೆ: ರಫ್ತುದಾರನಿಗೆ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ, ನಿಮ್ಮ ಊರಿನ ಏಜೆಂಟನಿಗೆ, ಕೊನೆಗೆ ನಿಮಗೆ. ಸಂತೆ ಅವರದ್ದು. ಸಂತೆಗೆ ಬರುವವರಿಗೆ ಹೀಗೆ ಬನ್ನಿ ಅನ್ನುತ್ತಾರೆ. ಬೇಡ ಅನ್ನುವ ಹಕ್ಕು ನಿಮಗೆ ಪೂರ್ತಿ ಇದೆ. ಬೇರೆ ಸಂತೆ ಹುಡುಕಬೇಕು, ಅಷ್ಟೇ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಅದರಲ್ಲೂ ಇಟಲಿಯೇ ದೊಡ್ಡ ಗಿರಾಕಿ. ಹಾಗಾಗಿ ಆ ಹಕ್ಕಿನ ಬೆಲೆ ಎಷ್ಟು ಅಂತ ನಿಮಗೇ ಗೊತ್ತು.

ಸಂತೆಯವನ ಕಟ್ಟಳೆಗೂ ಒಂದು ಮಿತಿ ಹಾಕಲು ಹೊರಟದ್ದು ವಿಶ್ವ ವ್ಯಾಪಾರ ಸಂಸ್ಥೆ. ಅಲ್ಲಿ ನಮ್ಮದೇ ಒಂದು ಕೇಸಿದೆ. ಸಿಗಡಿ ಹಿಡಿಯುವ ಬಲೆಗೆ ಕಡಲಾಮೆ ಸಿಕ್ಕಿ ಸಾಯುತ್ತದೆ. ಬಲೆಯಲ್ಲಿ ಆಮೆ ಹೊರಗೆ ಹೋಗಲು ಒಂದು ಕಿಂಡಿ ಇಡಿಸಿದರೆ ಅದು ಪಾರಾಗುತ್ತದೆ, ಸಿಗಡಿ ಒಳಗೇ ಉಳಿಯುತ್ತದೆ. ಅಂಥ ಕಿಂಡಿ ಕಡ್ಡಾಯ ಮಾಡದ ದೇಶದ ಸಿಗಡಿ ನಮಗೆ ಬೇಡ ಅಂತ ಅಮೆರಿಕ 1996ರಲ್ಲಿ ಬಾಗಿಲು ಹಾಕಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಿಗೆ ದೂರು ಕೊಟ್ಟವು. ಹೌದು, ನಾವೂ ಪಾಕಿಸ್ತಾನವೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. 1998ರಲ್ಲಿ ಅಮೆರಿಕ ಸೋತಿತು. ಯಾಕೆ ಸೋತಿತು ಅನ್ನುವುದೇ ಮುಖ್ಯ. ಆಮೆ ಉಳಿಸಬೇಕು ಅನ್ನುವುದು ಸರಿ ಅಂತಲೇ ಮೇಲ್ಮನವಿ ಮಂಡಳಿ ಹೇಳಿತು. ಆದರೆ ಕೆರಿಬಿಯನ್ ಕಡೆಯವರಿಗೆ ಮೂರು ವರ್ಷ ಸಮಯ ಕೊಟ್ಟು ಏಷ್ಯಾದವರಿಗೆ ನಾಲ್ಕೇ ತಿಂಗಳು ಕೊಟ್ಟದ್ದು, ಅವರ ಜೊತೆ ಕೂತು ಮಾತಾಡಿ ಇವರ ಜೊತೆ ಮಾತಾಡದೇ ಇದ್ದದ್ದು ತಪ್ಪು ಅಂದಿತು. ಅಮೆರಿಕ ನಿಯಮ ತಿದ್ದಿಕೊಂಡಿತು. ಮಲೇಷ್ಯಾ ಮತ್ತೆ ಕೇಸು ಹಾಕಿ 2001ರಲ್ಲಿ ಸೋತಿತು.

ಯುರೋಪಿನ ವಕೀಲರು ಈ ತೀರ್ಪನ್ನು ಚೆನ್ನಾಗಿ ಓದಿಕೊಂಡಿರುತ್ತಾರೆ. ತಮ್ಮ ದೇಶಗಳ ಮರ, ದನಕ್ಕೂ ಇದೇ ನಿಯಮ ಹಾಕಿಕೊಂಡಿದ್ದಾರೆ. 2024ರ ಕೊನೆಗೆ ಜಾರಿಯಾಗಬೇಕಿದ್ದನ್ನು ಎರಡು ಸಲ ಮುಂದೂಡಿದ್ದಾರೆ. ಈಗ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆ, ಸಣ್ಣ, ತೀರಾ ಸಣ್ಣವರಿಗೆ 2027ರ ಜೂನ್ ಕೊನೆಯ ಗಡುವು. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಹಾಕಿದ್ದಾರೆ. ನಾವು ಕೇಸು ಹಾಕಿದರೂ ಗೆಲ್ಲುವುದು ಕಷ್ಟ ಅನ್ನುವುದು ನನ್ನ ಅಂದಾಜು. ಅಷ್ಟೇ ಅಲ್ಲ, ಕೋರ್ಟೇ ಅರ್ಧ ಮುಚ್ಚಿದೆ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿ, 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಳಿಯಲ್ಲಿ ಕೂರಲು ಬೇಕಾದಷ್ಟು ಜನ ಇಲ್ಲ. ಸೋತವನು ಮೇಲ್ಮನವಿ ಹಾಕಿದರೆ ಕೇಸು ಅಲ್ಲೇ ತೂಗಾಡುತ್ತದೆ. ಈ ಉಪಾಯವನ್ನು ನಾವೂ ಬಳಸಿದ್ದೇವೆ. ಸಕ್ಕರೆ ಸಬ್ಸಿಡಿ ಕೇಸಿನಲ್ಲಿ 2021ರ ಕೊನೆಗೆ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲ ವಿರುದ್ಧ ಸೋತೆವು, ಕೆಲವೇ ವಾರಗಳಲ್ಲಿ ಯಾರೂ ಇಲ್ಲದ ಮಂಡಳಿಗೆ ಮೇಲ್ಮನವಿ ಹಾಕಿ ಕೂತೆವು.

ನಿಮ್ಮ ತೋಟಕ್ಕೆ ನಿಜವಾಗಿ ನಷ್ಟ ಮಾಡಿದ್ದು ಯುರೋಪಿನ ಕಾನೂನಲ್ಲ, ಇದ್ದ ಒಂದು ಕಾನೂನು ಸತ್ತದ್ದು. ನಿಮ್ಮ ತಂದೆಯವರ ಕಾಲದವರನ್ನು ಕೇಳಿ ನೋಡಿ, ಪೂಲ್ ಕಾಲ ಅಂತ ಹೇಳುತ್ತಾರೆ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕು, ದುಡ್ಡು ಕಂತು ಕಂತಾಗಿ ಬರುತ್ತದೆ. ಅದರ ಹಿಂದೆ ಒಂದು ಜಾಗತಿಕ ಏರ್ಪಾಡೂ ಇತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ. ಬೆಲೆ ಕುಸಿದರೆ ಕೋಟಾ ಬಿಗಿ, ಏರಿದರೆ ಸಡಿಲ. ಕುಡಿಯುವ ದೇಶಗಳೂ ಸಹಿ ಹಾಕಿದ್ದವು. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕೊಳ್ಳುವ ಅಮೆರಿಕ, ತನಗೇ ಕಾಫಿ ದುಬಾರಿಯಾಗುವ ಒಪ್ಪಂದಕ್ಕೆ ಯಾಕೆ ಸಹಿ ಹಾಕಿತು?

ಕ್ಯೂಬಾ. 1959ರಲ್ಲಿ ಅಲ್ಲಿ ಕ್ಯಾಸ್ಟ್ರೋ ಬಂದ ಮೇಲೆ ಅಮೆರಿಕಕ್ಕೆ ನಿದ್ದೆ ಹಾರಿತು. ಕಾಫಿ ಬೆಲೆ ಬಿದ್ದು ಬ್ರೆಜಿಲ್, ಕೊಲಂಬಿಯಾದ ರೈತ ಬರಿಗೈಯಾದರೆ ಅಲ್ಲೂ ಕೆಂಪು ಬಾವುಟ ಏರುತ್ತದೆ ಅನ್ನುವ ಭಯ. ಹಾಗಾಗಿ ಕಾಫಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅಂದುಕೊಂಡಿತು. ನಮಗೆ ಇನ್ನೊಂದು ಲಾಭ ಇತ್ತು. ಸೋವಿಯತ್ ಒಕ್ಕೂಟ ಈ ಕೋಟಾದ ಹೊರಗಿತ್ತು. ರೂಪಾಯಿಯಲ್ಲೇ ನಮ್ಮ ಕಾಫಿ ಕೊಳ್ಳುತ್ತಿತ್ತು. ಒಂದು ಕಡೆ ಅಮೆರಿಕ ಬೆಲೆ ಹಿಡಿದು ನಿಲ್ಲಿಸಿತ್ತು, ಇನ್ನೊಂದು ಕಡೆ ರಷ್ಯಾ ಕೊಳ್ಳುತ್ತಿತ್ತು. ಇಬ್ಬರ ಜಗಳದಲ್ಲಿ ಚಿಕ್ಕಮಗಳೂರು, ಹಾಸನದ ತೋಟಗಳು ಉಸಿರಾಡಿದವು. ಕಳ್ಳದಾರಿಯೂ ಇತ್ತೆನ್ನಿ. ಕೋಟಾದ ಹೊರಗಿನ ದೇಶಕ್ಕೆ ಅಗ್ಗಕ್ಕೆ ಮಾರಿದ ಕಾಫಿ ಸುತ್ತಿ ಬಳಸಿ ಕೋಟಾದೊಳಗಿನ ದೇಶಕ್ಕೇ ಬಂದು ಸೇರುತ್ತಿತ್ತು. ವ್ಯಾಪಾರಿಗಳು ಅದಕ್ಕೆ ಟೂರಿಸ್ಟ್ ಕಾಫಿ ಅಂತ ಹೆಸರಿಟ್ಟಿದ್ದರು.

1989ರ ಜುಲೈನಲ್ಲಿ ಕೋಟಾ ಮುರಿದು ಬಿತ್ತು. ಅಷ್ಟರಲ್ಲಿ ಶೀತಲ ಸಮರ ಮುಗಿಯುತ್ತಾ ಬಂದಿತ್ತು, ಅಮೆರಿಕಕ್ಕೆ ಭಯ ಹೋಗಿತ್ತು. ಕೆಲವೇ ತಿಂಗಳಲ್ಲಿ ಜಾಗತಿಕ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ರೂಪಾಯಿ ಗಿರಾಕಿ ಹೋದ. 90ರ ದಶಕದಲ್ಲಿ ಪೂಲ್ ಕೂಡ ಒಂದೊಂದಾಗಿ ಕಳಚಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದರಿಂದ ಆ ನೋವು ಸ್ವಲ್ಪ ದಿನ ಮರೆತುಹೋಯಿತು. ಪೂಲ್ ಹೋಗಿದ್ದೇ ಒಳ್ಳೇದಾಯಿತು ಅನ್ನುವ ಬೆಳೆಗಾರರು ತುಂಬಾ ಜನ ಇದ್ದಾರೆ. ಕಂತಿನ ದುಡ್ಡಿಗೆ ಕಾದು ಕಾದು ಬೇಸತ್ತವರು ಅವರು. ಅವರ ಮಾತಲ್ಲೂ ಸತ್ಯ ಇದೆ. ಆದರೆ ಬೆಲೆಗೆ ಒಂದು ತಳ ಅಂತ ಇದ್ದದ್ದು ಹೋದದ್ದು ಮಾತ್ರ ನಿಜ. ಕಾಫಿ ಒಪ್ಪಂದ ಈಗಲೂ ಹೆಸರಿಗೆ ಇದೆ, ಅದರ ಸಂಸ್ಥೆ ಲಂಡನ್ನಿನಲ್ಲಿ ಇದೆ, 2023ರಲ್ಲಿ ಬೆಂಗಳೂರಿನಲ್ಲಿ ಸಮ್ಮೇಳನವನ್ನೂ ಮಾಡಿತು. ಕೋಟಾ ಮಾತ್ರ ಇಲ್ಲ. ಅಮೆರಿಕ 2018ರಲ್ಲಿ ಹೊರಗೆ ಹೋಯಿತು.

ಅಂದ್ರೆ ದೊಡ್ಡವರು ಕಾನೂನಿಗೆ ಬರುವುದು ಅವರ ಗರಜಿಗೆ. 2025ರಲ್ಲಿ ಅಮೆರಿಕ ಎಲ್ಲರ ಮೇಲೂ ಸುಂಕ ಹಾಕಿತಲ್ಲ, ಆಮೇಲೆ ನವೆಂಬರ್‌ನಲ್ಲಿ ಕಾಫಿಯನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಯಾವ ಕೋರ್ಟಿನ ಆದೇಶಕ್ಕೂ ಅಲ್ಲ. ಅಲ್ಲಿನ ಅಂಗಡಿಯಲ್ಲಿ ಕಾಫಿ ಪುಡಿ ತುಟ್ಟಿಯಾಗಿ ಜನ ಗೊಣಗಿದರು. ನಮ್ಮ ಸರ್ಕಾರ ವ್ಯಾಪಾರ ಒಪ್ಪಂದದ ಮಾತುಕತೆಗೆ ಕೂತಾಗ, ಬೆಳೆಗಾರರ ಸಂಘಗಳು ಮನವಿ ಕೊಡುವಾಗ ನೋಡಬೇಕಾದದ್ದು ಇದನ್ನೇ: ಎದುರಿಗಿರುವವನ ಗರಜು ಎಲ್ಲಿದೆ ಅಂತ. ಯುರೋಪಿನವರಿಗೆ ನೆರಳಿನ ಕಾಫಿ ಬೇಕು. ನಮ್ಮ ಕಾಫಿ ಬೆಳೆಯುವುದು ಹಲಸು, ಅತ್ತಿ, ಸಿಲ್ವರ್ ಓಕ್ ನೆರಳಲ್ಲಿ. ಅದನ್ನು ನಾವು ಗಟ್ಟಿಯಾಗಿ ಹೇಳಿ ಬೆಲೆ ಕೇಳುತ್ತಿಲ್ಲ ಅನ್ನುವುದು ನನ್ನ ದೂರು.

ಈಗ ನೀವು ಕೇಳಿದ ಒಂದೇ ಮಾತು. ಕೊಡಿ. 8 ಎಕರೆ ಅಂದ್ರೆ ಮೂರೂಕಾಲು ಹೆಕ್ಟೇರಿನ ಹತ್ತಿರ. 4 ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಮಾತ್ರ ಸುತ್ತಲಿನ ಗಡಿಯ ನಕ್ಷೆ ಬೇಕು. ನಿಮ್ಮದಕ್ಕೆ ಒಂದು ಬಿಂದು ಸಾಕು. ತೋಟ ಎರಡು ಮೂರು ಕಡೆ ಹಂಚಿಹೋಗಿದ್ದರೆ ಒಂದೊಂದಕ್ಕೂ ಒಂದೊಂದು ಬಿಂದು. ಕೊಡದಿದ್ದರೆ ಏನಾಗುತ್ತದೆ? ಕ್ಯೂರಿಂಗ್‌ನಲ್ಲಿ ನಿಮ್ಮ ಚೆರಿ (ಒಣಗಿಸಿದ ಕಾಫಿ ಹಣ್ಣು) ಇನ್ನು ಹತ್ತು ಜನರ ಚೆರಿ ಜೊತೆ ಸೇರುತ್ತದೆ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಒಂದು ಮೂಟೆ ಸೇರಿದರೂ ಆ ಇಡೀ ಲಾಟ್ ಯುರೋಪಿಗೆ ಹೋಗುವಂತಿಲ್ಲ. ಹಾಗಾಗಿ ಕೊಡದವರ ಕಾಫಿಯನ್ನು ಬೇರೆ ಇಟ್ಟು ಕಡಿಮೆ ಬೆಲೆಗೆ ಕೇಳುತ್ತಾರೆ. ಕೊಡುವಾಗ ಬರೀ ಏಜೆಂಟನ ಫೋನಿಗೆ ಕಳಿಸಿ ಸುಮ್ಮನಾಗಬೇಡಿ. ಕಾಫಿ ಬೋರ್ಡಿನಲ್ಲಿ ನಿಮ್ಮ ಹೆಸರಲ್ಲಿ ನೋಂದಣಿ ಇದೆಯಾ ನೋಡಿಕೊಳ್ಳಿ. ಮಾಹಿತಿ ನಿಮ್ಮ ಕೈಯಲ್ಲಿದ್ದರೆ ನಾಳೆ ಬೇರೆಯವರಿಗೂ ಮಾರಬಹುದು.

ತೊಡಕು ಇರುವುದು ಇನ್ನೊಂದು ಕಡೆ. ನಿಯಮದಲ್ಲಿ ಎರಡನೇ ಷರತ್ತು ಇದೆ ಅಂದೆನಲ್ಲ: ನಮ್ಮ ದೇಶದ ಕಾನೂನಿಗೆ ಸರಿಯಾಗಿರಬೇಕು. 8 ಎಕರೆಯಲ್ಲಿ ಒತ್ತುವರಿ ಎಷ್ಟು, ಬಗರ್ ಹುಕುಂ ಅರ್ಜಿ ಎಷ್ಟಕ್ಕೆ ಬಾಕಿ ಇದೆ, ಪಹಣಿಯಲ್ಲಿ ಯಾರ ಹೆಸರಿದೆ ಅನ್ನುವುದನ್ನು ಮೊದಲು ನೋಡಿ. ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ, ಅಂದ್ರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಅದಕ್ಕೆ ಬ್ರಸೆಲ್ಸ್ ಬೇಡ, ಹೇಗ್ ಬೇಡ, ಸಕಲೇಶಪುರದ ತಾಲ್ಲೂಕು ಕಚೇರಿ ಸಾಕು. ಮತ್ತೆ ಬಿಂದು ತೆಗೆಯುವಾಗ ಕಣದಲ್ಲಿ ನಿಂತು ತೆಗೆಯಬೇಡಿ, ಮನೆ ಜಗುಲಿಯಲ್ಲೂ ಬೇಡ. ಗಿಡಗಳ ನಡುವೆ ಹೋಗಿ. ದಟ್ಟ ನೆರಳಲ್ಲಿ ಫೋನು ಜಾಗ ತಪ್ಪಾಗಿ ತೋರಿಸುತ್ತದೆ. ಸ್ವಲ್ಪ ಬಯಲಿರುವ ಕಡೆ ಒಂದೆರಡು ನಿಮಿಷ ನಿಂತು, ಅಂಕಿ ಅಲ್ಲಾಡುವುದು ನಿಂತ ಮೇಲೆ ಬರೆದುಕೊಳ್ಳಿ.